ಊರಿಗೆ ಹೋದವರ ಮನೆಯ ದನ-ಕರು, ನಾಯಿ ನೋಡಿಕೊಳ್ಳುವುದೂ ಒಂದು ಸ್ವ-ಉದ್ಯೋಗ



ಸ್ವ-ಉದ್ಯೋಗ ಎಂದ ಕೂಡಲೇ ನಮಗೆ ನೆನಪಾಗುವುದು ಹೊಲಿಗೆ ಮಿಷನ್ನು, ಹಪ್ಪಳ-ಸಂಡಿಗೆ, ಕೋಳಿ ಫಾರಂ, ಇಲ್ಲವೇ ರಸ್ತೆ ಪಕ್ಕ ಒಂದು ಟೀ ಅಂಗಡಿ. ಇವೆಲ್ಲಕ್ಕೂ ಮೊದಲು ಕೈಯಲ್ಲಿ ದುಡ್ಡು ಬೇಕು. ದುಡ್ಡು ಇಲ್ಲದವರು, ಆದರೆ ದನ-ಕರುಗಳ ಜೊತೆ ಬೆಳೆದವರು ಏನು ಮಾಡಬಹುದು? ಅದಕ್ಕೆ ಉತ್ತರವಾಗಿ ಈ ಸಂಚಿಕೆಯಲ್ಲಿ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ನಮ್ಮ ಮನೆಯಲ್ಲೇ ನಾಲ್ಕು ತಿಂಗಳಿಂದ ನಡೆಯುತ್ತಿರುವುದು.

ನಮ್ಮ ದೊಡ್ಡಪ್ಪನ ಮಗನಿಗೆ ಈಗ 20 ವರ್ಷ. ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯ ಉಳಿದಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ದೊಡ್ಡಮ್ಮ, ಅಣ್ಣ, ಒಂದು ಸೀಮೆ ಹಸು, ಒಂದು ಎಕರೆ ಖುಷ್ಕಿ ಜಮೀನು ಅಷ್ಟೇ. ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸಕ್ಕೆ ಸೇರುತ್ತೇನೆ ಎಂದು ಅಣ್ಣ ಬ್ಯಾಗು ತುಂಬಿಕೊಂಡಿದ್ದ. ದೊಡ್ಡಮ್ಮ ಒಬ್ಬರೇ ಆಗುತ್ತಾರೆ ಎಂಬುದೇ ಎಲ್ಲರಿಗೂ ಚಿಂತೆ. ಆಗ ನಮ್ಮಪ್ಪ, "ಯುಗಾದಿವರೆಗೂ ಇಲ್ಲೇ ಒಂದು ಕೈ ನೋಡು, ಆಗ್ದಿದ್ರೆ ಹೋಗುವಂತೆ" ಅಂದರು. ಆ ಪ್ರಯತ್ನವೇ ಈ ಪಾಠ. ಅಣ್ಣನ ಲೆಕ್ಕದ ಪುಸ್ತಕ ಬರೆಯುವವಳು ನಾನು. ಆದ್ದರಿಂದ ಇಲ್ಲಿರುವ ಅಂಕಿಗಳು ಆ ಪುಸ್ತಕದಿಂದಲೇ ತೆಗೆದವು.

1. ಇದು ಯಾವ ಕೆಲಸ?

ಮನೆಯವರು ಮದುವೆಗೋ, ಧರ್ಮಸ್ಥಳಕ್ಕೋ, ಆಸ್ಪತ್ರೆಗೋ ಹೋದಾಗ ಮನೆಗೆ ಬೀಗ ಹಾಕಬಹುದು. ಕೊಟ್ಟಿಗೆಗೆ ಬೀಗ ಹಾಕಿ ಹೋಗಲು ಆಗುತ್ತದೆಯೇ? ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು, ನೀರು ಬೇಕು. ಬೆಳಿಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕಬೇಕು. ಸಗಣಿ ಬಾಚಬೇಕು. ನಾಯಿಗೆ ಅನ್ನ, ಕೋಳಿಗೆ ಕಾಳು ಹಾಕಬೇಕು. ಹೋದವರು ಬರುವವರೆಗೆ ಇದನ್ನೆಲ್ಲ ಜವಾಬ್ದಾರಿಯಿಂದ ಮಾಡಿ, ಅದಕ್ಕೆ ಗೊತ್ತಾದ ಕೂಲಿ ಪಡೆಯುವುದೇ ಈ ಕೆಲಸ.

ಬೆಂಗಳೂರು, ಮೈಸೂರಿನಂಥ ಪಟ್ಟಣಗಳಲ್ಲಿ ನಾಯಿ, ಬೆಕ್ಕು ಸಾಕಿದವರು ಊರಿಗೆ ಹೋಗುವಾಗ ದಿನದ ಲೆಕ್ಕದಲ್ಲಿ ದುಡ್ಡು ಕೊಟ್ಟು ಬಿಟ್ಟು ಹೋಗುತ್ತಾರೆ. ಅದಕ್ಕೆ ಪೆಟ್ ಸಿಟ್ಟಿಂಗ್ ಎಂದು ಹೆಸರು. ನಮ್ಮ ಹಳ್ಳಿಗೆ ಇದು ತೀರಾ ಹೊಸದೇನಲ್ಲ. ಹಿಂದೆ ಊರ ದನಗಳನ್ನೆಲ್ಲ ಒಟ್ಟಿಗೆ ಹೊಡೆದುಕೊಂಡು ಹೋಗಿ ಕಾಯುವವರು ಇದ್ದರು, ಅವರಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು ಎಂದು ನಮ್ಮ ತಾತ ಹೇಳುತ್ತಾರೆ. ಕಾಳಿನ ಬದಲು ಈಗ ದುಡ್ಡು, ಅಷ್ಟೇ ವ್ಯತ್ಯಾಸ.

2. ನೆರೆಮನೆ ದನ ನೋಡೋಕೆ ದುಡ್ಡು ತಗೋಬಹುದಾ?

ಈ ಪ್ರಶ್ನೆ ಮೊದಲು ಎತ್ತಿದವರು ತಾತನೇ. "ಪಕ್ಕದ್ ಮನೆ ಹಸುಗೆ ನೀರ್ ತೋರ್ಸಕ್ಕೂ ಕಾಸು ಇಸ್ಕತೀಯೇನ್ಲಾ? ನಾಳೆ ನಿನ್ ಮನೆಗೆ ಯಾರ್ ಬತ್ತಾರೆ?" ಎಂದು ಅಣ್ಣನನ್ನು ಕೇಳಿದರು. ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ಮುಯ್ಯಾಳು ಪದ್ಧತಿ ಇದೆ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಇದರಲ್ಲಿ ದುಡ್ಡಿನ ಮಾತಿಲ್ಲ.

ಆದರೆ ಮುಯ್ಯಿ ಎಲ್ಲಿಯವರೆಗೆ ನಡೆಯುತ್ತದೆ? ನಮ್ಮ ಬೀದಿಯ ಒಬ್ಬ ಅಮ್ಮನ ಗಂಡನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಎರಡು ಕರೆಯುವ ಹಸು. ಮೊದಲ ಎರಡು ದಿನ ಅಕ್ಕಪಕ್ಕದವರು ಸಂತೋಷವಾಗಿಯೇ ನೋಡಿದರು. ಮೂರನೇ ದಿನ ಅವರಿಗೂ ಕೂಲಿ ಕೆಲಸ, ಮಕ್ಕಳ ಶಾಲೆ. ನಾಲ್ಕನೇ ದಿನ ಆಯಮ್ಮ ಗಂಡನನ್ನು ಆಸ್ಪತ್ರೆಯಲ್ಲೇ ಬಿಟ್ಟು ಹಾಲು ಕರೆಯಲು ಬಸ್ಸಿನಲ್ಲಿ ಊರಿಗೆ ಓಡಿ ಬಂದರು. ನೆರೆಯವರನ್ನು ಮತ್ತೆ ಕೇಳಲು ಅವರಿಗೆ ಸಂಕೋಚ. ಅಣ್ಣ ಅಲ್ಲಿಂದ ಮುಂದೆ ಒಂಬತ್ತು ದಿನ ಆ ಮನೆ ನೋಡಿಕೊಂಡ. ಆಯಮ್ಮ ಆಮೇಲೆ ಹೇಳಿದ್ದು ಹೀಗೆ: "ದುಡ್ಡು ಕೊಟ್ಟಿದ್ಕೆ ನಂಗೆ ಕೇಳಕ್ಕೆ ಬಾಯಿ ಬಂತು ಕಣವ್ವ. ನೀರು ಕುಡಿಸಿದ್ಯಾ, ಎಷ್ಟ್ ಹಾಲು ಬಂತು ಅಂತ ದಿನಾ ಫೋನ್ ಮಾಡಿ ಕೇಳ್ದೆ. ಪುಕ್ಕಟೆ ಮಾಡೋರ್ನ ಹಂಗೆ ಕೇಳಕ್ಕಾಯ್ತದಾ?"

ಈ ಮಾತು ತಾತನಿಗೂ ಒಪ್ಪಿಗೆಯಾಯಿತು. ಆಮೇಲೆ ತಾತ, ಅಪ್ಪ, ಅಣ್ಣ ಸೇರಿ ಮೂರು ನಿಯಮ ಮಾಡಿದರು.

ಅ) ಎರಡು ದಿನದವರೆಗೆ ನೀರು, ಮೇವು ಹಾಕುವುದು ಮುಯ್ಯಿ. ದುಡ್ಡು ಇಲ್ಲ.
ಆ) ಮೂರು ದಿನ ದಾಟಿದರೆ ಅಥವಾ ಹಾಲು ಕರೆಯುವುದಿದ್ದರೆ ಮೊದಲ ದಿನದಿಂದಲೇ ಕೂಲಿ.
ಇ) ಸಾವಿನ ಮನೆಯಾದರೆ ಮೂರು ದಿನ ಕೂಲಿ ಕೇಳುವ ಹಾಗಿಲ್ಲ, ಎಷ್ಟು ಹಸು ಇದ್ದರೂ ಸರಿ.

ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಎಂದು ಗಾದೆ ಇದೆ. ಮೊದಲೇ ಮಾತು ಆಗಿದ್ದರೆ ಆಮೇಲೆ ಮನಸ್ತಾಪ ಬರುವುದಿಲ್ಲ.

3. ಮೊದಲು ಕಲಿಯಬೇಕಾದದ್ದು

ನಮ್ಮ ಹಸು ನೋಡಿಕೊಳ್ಳಲು ನಮಗೆ ಬರುತ್ತದೆ. ಬೇರೆಯವರ ಹಸು ನೋಡಿಕೊಳ್ಳುವುದು ಬೇರೆ ಪಾಠ. ಯಾಕೆಂದರೆ ಅದಕ್ಕೆ ನಮ್ಮ ಪರಿಚಯವಿಲ್ಲ.

ಹಾಲು ಕರೆಯುವುದು: ಹಸು ಹೆದರಿದರೆ ಅಥವಾ ಹೊಸ ಕೈ ಬಂದರೆ ಕೆಚ್ಚಲಿನಲ್ಲಿ ಹಾಲಿದ್ದರೂ ಇಳಿಸುವುದಿಲ್ಲ. ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರಬೇಕು. ಭಯವಾದಾಗ ಅದಕ್ಕೆ ತಡೆಯಾಗುತ್ತದೆ. ಆದ್ದರಿಂದ ಅಣ್ಣ ಮನೆಯವರು ಹೊರಡುವ ಮೂರು ದಿನ ಮೊದಲೇ ಹೋಗಿ, ಅವರ ಜೊತೆಯಲ್ಲೇ ಕೂತು ಹಾಲು ಕರೆದು ಹಸುವಿಗೆ ಪರಿಚಯವಾಗುತ್ತಾನೆ. ಹಾಲು ಕರೆದ ಮೇಲೆ ಮೊಲೆಯ ತೂತು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಹಸು ತಕ್ಷಣ ಸಗಣಿ ಮೇಲೆ ಮಲಗಿದರೆ ರೋಗಾಣು ಒಳಗೆ ಹೋಗಿ ಕೆಚ್ಚಲು ಬಾವು ಬರುತ್ತದೆ. ಅದಕ್ಕೆ ಕರೆದ ಕೂಡಲೇ ಮೇವು ಹಾಕಿ ಅರ್ಧ ಗಂಟೆ ನಿಂತಿರುವಂತೆ ಮಾಡಬೇಕು.

ಮೇವು: ಹಸುವಿಗೆ ದಿನಕ್ಕೆ ಅದರ ತೂಕದ ನೂರಕ್ಕೆ 2.5ರಿಂದ 3ರಷ್ಟು ಒಣ ಅಂಶ ಬೇಕು. 400 ಕೆ.ಜಿ. ಹಸುವಿಗೆ 10ರಿಂದ 12 ಕೆ.ಜಿ. ಆಯಿತು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಆದ್ದರಿಂದ 20 ಕೆ.ಜಿ. ಹಸಿ ಹುಲ್ಲು ಹಾಕಿದರೆ ಸಿಗುವುದು 5 ಕೆ.ಜಿ.ಯೊಳಗೆ ಒಣ ಅಂಶ. ಉಳಿದದ್ದು ರಾಗಿ ಹುಲ್ಲು, ಬೂಸ, ಹಿಂಡಿಯಿಂದ ಬರಬೇಕು.

ಮೇವು ದಿಢೀರನೆ ಬದಲಾಯಿಸಬಾರದು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ದೊಡ್ಡ ಕೋಣೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಜೀರ್ಣ ಮಾಡುತ್ತವೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ಒಂದು ಬಕೆಟ್ ಸುರಿದರೆ ಒಳಗೆ ಹುಳಿ ಹೆಚ್ಚಾಗಿ ಹಸು ಸಾಯಲೂಬಹುದು. ಪುಣ್ಯ ಬರಲಿ ಎಂದು ಹಾಕಿದ ಅನ್ನವೇ ಹಸುವಿಗೆ ವಿಷವಾಗುತ್ತದೆ. ಹಾಗೆಯೇ ಎಳೆ ಜೋಳದ ಪೈರು, ಅದರಲ್ಲೂ ಮಳೆ ಇಲ್ಲದೆ ಬಾಡಿದ ಪೈರು ಮೇಯಿಸಬಾರದು. ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ.

ಕಾಯಿಲೆ ಗುರುತು: ಮನುಷ್ಯನ ಮೈ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹಸುವಿಗೆ 38.5ರ ಆಸುಪಾಸು. ನಾಯಿಗೂ 38ರಿಂದ 39 ಇರುತ್ತದೆ. ಆದ್ದರಿಂದ ಕೈಯಿಂದ ಮುಟ್ಟಿ ಜ್ವರ ಅನ್ನಬಾರದು, ಥರ್ಮಾಮೀಟರು ಬೇಕು. ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ, ಎಡಗಡೆ ಹೊಟ್ಟೆ ಡೋಲಿನಂತೆ ಉಬ್ಬಿದರೆ ತಡ ಮಾಡಬಾರದು. 1962 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ ಹೇಳಬಹುದು. ಈ ನಂಬರಿಗೆ ಕರೆ ಉಚಿತ. ಇದನ್ನು ಎಲ್ಲರೂ ಬಾಯಿಪಾಠ ಮಾಡಿ.

ನಾಯಿ: ಮನೆಯವರು ಹೋದ ಮೊದಲ ದಿನ ನಾಯಿ ಊಟ ಬಿಡುವುದುಂಟು. ನೀರು ಕುಡಿಯುತ್ತಿದ್ದರೆ ಗಾಬರಿ ಬೇಡ, ಎರಡನೇ ದಿನವೂ ಮುಟ್ಟದಿದ್ದರೆ ಮನೆಯವರಿಗೆ ತಿಳಿಸಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಆದ್ದರಿಂದ ಬಿಸಿಲಲ್ಲಿ ಕಟ್ಟಬಾರದು. ಈರುಳ್ಳಿ, ಚಾಕೊಲೇಟು, ದ್ರಾಕ್ಷಿ ನಾಯಿಗೆ ಕೆಟ್ಟದ್ದು. ಒಣದ್ರಾಕ್ಷಿ ಹಾಕಿದ ಪಾಯಸವನ್ನೂ ಕೊಡಬಾರದು.

ಬೆಕ್ಕು ಜನಕ್ಕಿಂತ ಜಾಗಕ್ಕೆ ಹೊಂದಿಕೊಂಡಿರುತ್ತದೆ. ನಮ್ಮ ಮನೆಗೆ ತಂದು ಕಟ್ಟುವ ಬದಲು ಅದರ ಮನೆಯಲ್ಲೇ ಬಿಟ್ಟು ಅನ್ನ ಹಾಕಿ ಬರುವುದೇ ಸರಿ. ಕೋಳಿಯನ್ನು ಕತ್ತಲಾಗುವ ಮೊದಲು ಎಣಿಸಿ ಗೂಡಿಗೆ ಹಾಕಬೇಕು. ಬೆಳಿಗ್ಗೆ ಎಣಿಸಿದರೆ ಪ್ರಯೋಜನವಿಲ್ಲ, ರಾತ್ರಿ ಕಾಡುಬೆಕ್ಕು ಬಂದಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ.

4. ರೋಗ ನಮ್ಮ ಕಾಲಲ್ಲೇ ನಡೆದು ಹೋಗುತ್ತದೆ

ಈ ಕೆಲಸ ಮಾಡುವವನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತಾನೆ. ಒಂದು ಮನೆಯಲ್ಲಿ ಕಾಲುಬಾಯಿ ರೋಗವಿದ್ದರೆ ಅವನ ಚಪ್ಪಲಿ, ಕೈ, ಬಟ್ಟೆಯ ಮೂಲಕವೇ ಮುಂದಿನ ಮನೆಗೆ ಅಂಟುತ್ತದೆ. ಉಪಕಾರ ಮಾಡಲು ಹೋಗಿ ಊರಿಗೆಲ್ಲ ರೋಗ ಹಂಚಿದಂತೆ. ಆದ್ದರಿಂದ ಅಣ್ಣ ಗಂಬೂಟು ಹಾಕುತ್ತಾನೆ. ಪ್ರತಿ ಕೊಟ್ಟಿಗೆಯ ಬಾಗಿಲಲ್ಲೂ ಬಟ್ಟೆ ಸೋಡಾ ನೀರಿನಲ್ಲಿ ಬೂಟು ತೊಳೆಯುತ್ತಾನೆ. ನೂರಕ್ಕೆ 4ರ ದ್ರಾವಣ ಬೇಕು. ಅಂದರೆ ಒಂದು ಲೀಟರು ನೀರಿಗೆ 40 ಗ್ರಾಂ ಸೋಡಾ. 10 ಲೀಟರು ಬಕೆಟ್ಟಿಗೆ ಎಷ್ಟು? ಲೆಕ್ಕ ಮಾಡಿ ನೋಡಿ.

ಕಾಲುಬಾಯಿ ರೋಗಕ್ಕೆ ಸರ್ಕಾರದಿಂದ ಉಚಿತ ಲಸಿಕೆ ಇದೆ. 2019ರಲ್ಲಿ ಇದಕ್ಕಾಗಿ ದೇಶಕ್ಕೆಲ್ಲ ಒಂದು ಕಾರ್ಯಕ್ರಮ ಶುರುವಾಯಿತು. ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2022ರಲ್ಲಿ ನಮ್ಮ ರಾಜ್ಯದಲ್ಲಿ ಹರಡಿದ ಚರ್ಮಗಂಟು ರೋಗ ನಿಮಗೆ ನೆನಪಿರಬಹುದು. ಅದು ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಹಸು ಗರ್ಭ ಇಳಿಸಿದರೆ ಬರಿಗೈಯಲ್ಲಿ ಮುಟ್ಟಬಾರದು. ಬ್ರುಸೆಲ್ಲಾ ಎಂಬ ರೋಗವಿದ್ದರೆ ಮನುಷ್ಯರಿಗೂ ಅಂಟುತ್ತದೆ. ಹಸಿ ಹಾಲು ಕುಡಿಯದೆ ಕಾಯಿಸಿಯೇ ಕುಡಿಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ನಾಯಿ ಕಚ್ಚಿದರೆ: ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಕಾರದ ಪುಡಿ, ಕಾಫಿ ಪುಡಿ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ, ಹೇಳಿದ ದಿನಗಳಂದು ಎಲ್ಲವನ್ನೂ ತಪ್ಪದೆ ಹಾಕಿಸಿಕೊಳ್ಳಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ಮೊದಲೇ ಲಸಿಕೆ ಹಾಕಿಸಿದರೆ ತಡೆಯಬಹುದು. ಲೂಯಿ ಪಾಶ್ಚರ್ 1885ರಲ್ಲಿ ಹುಚ್ಚು ನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಮೊದಲ ಬಾರಿ ಈ ಲಸಿಕೆ ಕೊಡಿಸಿ ಉಳಿಸಿದರು. ಅವರು ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನವಾಗಿ ಆಚರಿಸುತ್ತಾರೆ. ಅಣ್ಣ ಲಸಿಕೆ ಹಾಕಿಸದ ನಾಯಿಯನ್ನು ಒಪ್ಪಿಕೊಳ್ಳುವುದಿಲ್ಲ. ಇದರಿಂದ ನಮ್ಮ ಬೀದಿಯಲ್ಲಿ ನಾಲ್ಕು ನಾಯಿಗಳಿಗೆ ಲಸಿಕೆ ಆಯಿತು.

5. ಪುಸ್ತಕವೇ ಬಂಡವಾಳ

ಈ ಕೆಲಸಕ್ಕೆ ಅಂಗಡಿ ಬೇಡ, ಸಾಲ ಬೇಡ. 200 ಪುಟದ ಒಂದು ನೋಟ್ ಪುಸ್ತಕ ಬೇಕೇ ಬೇಕು. ಮನೆಯವರು ಹೊರಡುವ ಮುಂಚೆ ಅವರನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿಕೊಂಡು ಇಷ್ಟು ಬರೆದುಕೊಳ್ಳಬೇಕು:

1) ಯಾವ ಪ್ರಾಣಿ, ಎಷ್ಟು, ಗುರುತು ಏನು, ಕಿವಿ ಓಲೆ ನಂಬರು.
2) ದಿನಕ್ಕೆ ಎಷ್ಟು ಹಾಲು, ಎಷ್ಟು ಗಂಟೆಗೆ ಕರೆಯುವುದು.
3) ಮೇವು, ಹಿಂಡಿ-ಬೂಸ ಎಷ್ಟು, ಎಲ್ಲಿದೆ, ಎಷ್ಟು ದಿನಕ್ಕೆ ಸಾಕು.
4) ಗಬ್ಬವಾಗಿದೆಯೇ, ಯಾವ ತಾರೀಕು ಇಂಜೆಕ್ಷನ್ ಆಗಿದ್ದು.
5) ಹಳೆಯ ಗಾಯ, ಕುಂಟು, ಬಾವು ಇದೆಯೇ.
6) ಒದೆಯುವ, ಹಾಯುವ, ಕಚ್ಚುವ ಅಭ್ಯಾಸವಿದೆಯೇ.
7) ಲಸಿಕೆ ಯಾವಾಗ ಆಗಿದೆ.
8) ಡಾಕ್ಟರ ಖರ್ಚು ಬಂದರೆ ಎಷ್ಟರವರೆಗೆ ಕೇಳದೆ ಮಾಡಬಹುದು.
9) ಫೋನ್ ಸಿಗದಿದ್ದರೆ ಯಾರನ್ನು ಕೇಳಬೇಕು.
10) ದಿನಕ್ಕೆ ಕೂಲಿ ಎಷ್ಟು, ಯಾವಾಗ ಕೊಡುವುದು.

ಕೆಳಗೆ ಇಬ್ಬರೂ ರುಜು ಹಾಕಬೇಕು. ಆಮೇಲೆ ದಿನವೂ ಎರಡು ಸಾಲು ಬರೆಯಬೇಕು.

ಇದರಿಂದ ಏನು ಉಪಯೋಗ ಎಂದು ಕೇಳಬಹುದು. ಒಂದು ಮನೆಯವರು ವಾಪಸ್ಸು ಬಂದು "ಹಾಲು ಕಮ್ಮಿಯಾಗಿದೆ, ನೀನು ಮನೆಗೆ ತಗೊಂಡು ಹೋಗಿರಬೇಕು" ಎಂದು ಕೂಲಿ ಹಿಡಿದುಕೊಂಡರು. ಹಾಲು ಕದ್ದವ ಎಂಬ ಹೆಸರು ಬಂದರೆ ಊರಲ್ಲಿ ಅಣ್ಣನನ್ನು ಇನ್ಯಾರೂ ಕೊಟ್ಟಿಗೆಗೆ ಸೇರಿಸುತ್ತಿರಲಿಲ್ಲ. ಪುಸ್ತಕ ತೆಗೆದು ತೋರಿಸಿದೆವು. ಮೊದಲು ದಿನಕ್ಕೆ 8 ಲೀಟರು. ಅವರು ಹೋದ ಮೊದಲ ದಿನ ಆರೂವರೆ, ಎರಡನೇ ದಿನ ಏಳು, ನಾಲ್ಕನೇ ದಿನದಿಂದ ಮತ್ತೆ ಎಂಟು. ಡೈರಿ ಚೀಟಿಗಳನ್ನೂ ಪುಟಕ್ಕೆ ಅಂಟಿಸಿದ್ದೆವು, ಎರಡೂ ತಾಳೆಯಾದವು. ಹೊಸ ಕೈಗೆ ಹಸು ಹೊಂದಿಕೊಳ್ಳಲು ಮೂರು ದಿನ ಬೇಕಾಯಿತು ಎಂಬುದು ಅವರಿಗೇ ಅರ್ಥವಾಯಿತು. ಕೂಲಿ ಕೊಟ್ಟಿದ್ದಲ್ಲದೆ ದೀಪಾವಳಿಗೆ ಮತ್ತೆ ಅಣ್ಣನಿಗೇ ಹೇಳಿ ಹೋದರು.

6. ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆ ಈಗಲೂ ಜಾರಿಯಲ್ಲಿದೆ. ಒಬ್ಬರ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು ಆಮೇಲೆ ಹಿಂದಕ್ಕೆ ಪಡೆಯುವುದರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಅದನ್ನು ನಮಗೆ ಬಿಡಿಸಿ ಹೇಳಿದರು.

151ನೇ ಕಲಂ: ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಅಷ್ಟೇ ಎಚ್ಚರದಿಂದ ಬೇರೆಯವರದನ್ನೂ ನೋಡಿಕೊಳ್ಳಬೇಕು. 152ನೇ ಕಲಂ: ಅಷ್ಟು ಎಚ್ಚರ ವಹಿಸಿಯೂ ನಷ್ಟವಾದರೆ, ಬೇರೆ ಕರಾರು ಇಲ್ಲದಿದ್ದಾಗ, ಅವನು ಹೊಣೆಯಲ್ಲ. ಎಚ್ಚರ ವಹಿಸಿದ್ದೇವೆ ಎಂದು ತೋರಿಸಲು ಪುಸ್ತಕ ಬೇಕಲ್ಲವೇ?

150ನೇ ಕಲಂ ಇನ್ನೂ ಸ್ವಾರಸ್ಯವಾಗಿದೆ. ಕೊಡುವವನು ತನಗೆ ಗೊತ್ತಿರುವ ದೋಷವನ್ನು ಮೊದಲೇ ಹೇಳಬೇಕು. ಅದಕ್ಕೆ ಕಾಯಿದೆಯಲ್ಲಿ ತುಂಟ ಕುದುರೆಯ ಉದಾಹರಣೆ ಇದೆ. ಕುದುರೆ ತುಂಟ ಎಂದು ಗೊತ್ತಿದ್ದೂ ಹೇಳದೆ ಕೊಟ್ಟು, ಹತ್ತಿದವನು ಬಿದ್ದು ಪೆಟ್ಟಾದರೆ ಕೊಟ್ಟವನೇ ಹೊಣೆ. ಒದೆಯುವ ಹಸು, ಕಚ್ಚುವ ನಾಯಿಗೂ ಇದೇ ನ್ಯಾಯ. ನಮ್ಮ ಪಟ್ಟಿಯ ಆರನೇ ಪ್ರಶ್ನೆ ಇಲ್ಲಿಂದ ಬಂದದ್ದು.

163ನೇ ಕಲಂನಲ್ಲಿ ಹಸುವೇ ಇದೆ! ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ ಹಸುವಿನ ಜೊತೆ ಕರುವನ್ನೂ ಕೊಡಬೇಕು ಎಂಬುದು ಅಲ್ಲಿಯ ಉದಾಹರಣೆ. ಇದು ನಮ್ಮ ಕಣ್ಣ ಮುಂದೆಯೇ ನಡೆಯಿತು. ಧರ್ಮಸ್ಥಳಕ್ಕೆ ಹೋದವರ ಹಸು ದಿನಕ್ಕೆ ಮೊದಲೇ ರಾತ್ರಿ ಕರು ಹಾಕಿತು. ಹಸುವಿನ ಗರ್ಭ ಸುಮಾರು 280 ದಿನ, ಹತ್ತು ದಿನ ಹಿಂದೆ ಮುಂದೆ ಆಗುವುದುಂಟು. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು, ರೋಗ ತಡೆಯುವ ಶಕ್ತಿ ಅದರಿಂದಲೇ ಬರುವುದು. ಕರುವಿನ ತೂಕದ ಹತ್ತನೇ ಒಂದು ಪಾಲು ದಿನಕ್ಕೆ ಬೇಕು. ಬೆಳಿಗ್ಗೆ ಬೀದಿಯವರು ಚೊಂಬು ಹಿಡಿದು ಗಿಣ್ಣು ಕೇಳಲು ಬಂದರು. ಕೊಡುವುದೂ ನಮ್ಮ ಕಡೆ ರೂಢಿ. ಅಣ್ಣ, "ಇದು ನಮ್ದಲ್ಲ ಕಣಕ್ಕ, ಅವ್ರು ಬರ್ಲಿ. ಮೊದ್ಲು ಕರು ಕುಡೀಲಿ" ಎಂದು ಮನೆಯವರಿಗೆ ಫೋನ್ ಮಾಡಿದ. ಅವರು ಹಂಚಲು ಹೇಳಿದ ಮೇಲೆ ಹಂಚಿದ. ಕೆಲವರಿಗೆ ಆ ಹೊತ್ತಿಗೆ ಸಿಟ್ಟು ಬಂತು. ಆದರೆ ಆ ವಾರವೇ ಅವರಲ್ಲಿ ಇಬ್ಬರು ತಮ್ಮ ಮನೆಗೂ ಬರಲು ಹೇಳಿದರು.

ವಯಸ್ಸಿನ ಮಾತು: 18 ತುಂಬದವರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಶಾಲೆ ಮುಗಿದ ಮೇಲೆ ಮನೆಯವರಿಗೆ ಕೈಜೋಡಿಸುವುದಕ್ಕೆ 2016ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದ್ದರಿಂದ ಗೆಳೆಯರೇ, ನಾಳೆಯೇ ನಾವು ಹೊರಡುವ ಕೆಲಸ ಇದಲ್ಲ. ನಮ್ಮ ಅಣ್ಣ-ಅಕ್ಕಂದಿರಿಗೆ ನೆರವಾಗುವ ಕೆಲಸ.

7. ಈಗ ಲೆಕ್ಕ ನೋಡೋಣ

ಅಣ್ಣನ ದರ ದಿನಕ್ಕೆ ಹೀಗಿದೆ: ಕರೆಯುವ ಹಸು ಒಂದಕ್ಕೆ 80 ರೂ., ಅದೇ ಮನೆಯ ಎರಡನೆಯದಕ್ಕೆ 50 ರೂ., ಬತ್ತಿದ ದನಕ್ಕೆ 30 ರೂ., ಮೇಕೆಗೆ 10 ರೂ., ನಾಯಿಗೆ 30 ರೂ., ಕೋಳಿ ಎಷ್ಟಿದ್ದರೂ 20 ರೂ. ಮೇವು, ಔಷಧಿ ಮನೆಯವರದು. ಹಾಲು ಡೈರಿಯಲ್ಲಿ ಮನೆಯವರ ಹೆಸರಿಗೇ ಹೋಗುತ್ತದೆ.

ಉದಾಹರಣೆ: ಎರಡು ಕರೆಯುವ ಹಸು, ಒಂದು ನಾಯಿ, ಆರು ಕೋಳಿ, ಒಂಬತ್ತು ದಿನ.
80 + 50 + 30 + 20 = 180 ರೂ.
180 × 9 = 1,620 ರೂ.

ನಾಲ್ಕು ತಿಂಗಳ ಪಟ್ಟಿ:
ಮೊದಲನೇ ತಿಂಗಳು: 2 ಮನೆ, 7 ದಿನ, 840 ರೂ.
ಎರಡನೇ ತಿಂಗಳು: 3 ಮನೆ, 14 ದಿನ, 2,160 ರೂ.
ಮೂರನೇ ತಿಂಗಳು: 5 ಮನೆ, 24 ದಿನ, 3,960 ರೂ.
ನಾಲ್ಕನೇ ತಿಂಗಳು: 4 ಮನೆ, 19 ದಿನ, 3,240 ರೂ.
ಒಟ್ಟು: 14 ಮನೆ, 64 ದಿನ, 10,200 ರೂ.

ಖರ್ಚು: ಗಂಬೂಟು 450, ಥರ್ಮಾಮೀಟರು 180, ಟಾರ್ಚು 150, ಸೋಪು-ಸೋಡಾ 120. ಒಟ್ಟು 900 ರೂ.
ಉಳಿದದ್ದು 9,300 ರೂ. ತಿಂಗಳಿಗೆ 2,325 ರೂ. ಬಿತ್ತು.

ಇದಕ್ಕೆ ಅವರ ಸ್ವಂತ ಹಸುವಿನ ಹಾಲಿನಿಂದ ಖರ್ಚು ಕಳೆದು ಬರುವ ಸುಮಾರು 3,000 ರೂ. ಸೇರಿಸಿದರೆ 5,325 ರೂ. ಬೆಂಗಳೂರಿನ ಕೆಲಸದಲ್ಲಿ 15,000 ರೂ. ಕೊಡುತ್ತೇವೆ ಎಂದಿದ್ದರು. ರೂಮು, ಊಟ, ಬಸ್ಸು ಎಂದು 9,000 ಕಳೆದರೆ ಉಳಿಯುವುದು 6,000. ವ್ಯತ್ಯಾಸ 675 ರೂ. ಮಾತ್ರ. ಆದರೆ ಬೆಂಗಳೂರಿಗೆ ಹೋದರೆ ಆ ಹಸುವನ್ನೂ ಮಾರಬೇಕಾಗುತ್ತದೆ, ದೊಡ್ಡಮ್ಮ ಒಬ್ಬರಿಂದ ನೋಡಿಕೊಳ್ಳಲು ಆಗದು.

ಹಾಗೆಂದು ಈ ಕೆಲಸದಲ್ಲಿ ಕಷ್ಟವಿಲ್ಲ ಎಂದು ತಿಳಿಯಬೇಡಿ. ಎಲ್ಲರ ಹಸುವನ್ನೂ ಕರೆಯುವುದು ಬೆಳಿಗ್ಗೆ ಅದೇ ಹೊತ್ತಿಗೆ, ಡೈರಿ ಬಾಗಿಲು ಹಾಕುವ ಮೊದಲು. ಒಬ್ಬನಿಂದ ಒಂದೇ ಸಮಯಕ್ಕೆ ಎರಡು ಮನೆ ಆಗುತ್ತದೆ, ಮೂರನೆಯದು ಆಗುವುದಿಲ್ಲ. ಮದುವೆ ಕಾಲದಲ್ಲಿ ಐದು ಮನೆಯವರು ಒಟ್ಟಿಗೆ ಕರೆಯುತ್ತಾರೆ, ಲಗ್ನವಿಲ್ಲದ ತಿಂಗಳಲ್ಲಿ ಯಾರೂ ಕರೆಯುವುದಿಲ್ಲ. ಕೆಲಸ ಸಿಗಲಿ ಎಂದು ಹೆಚ್ಚು ಮನೆ ಒಪ್ಪಿಕೊಂಡರೆ ಯಾವುದಾದರೂ ಹಸುವಿಗೆ ಹೊತ್ತು ತಪ್ಪುತ್ತದೆ. ಆದ್ದರಿಂದ ಇದೊಂದನ್ನೇ ನಂಬಿ ಕೂರದೆ ಸ್ವಂತ ಹಸು, ಜಮೀನಿನ ಜೊತೆಗೆ ಮಾಡಿದರೆ ನಡೆಯುತ್ತದೆ ಎಂಬುದು ನಮ್ಮ ಲೆಕ್ಕದಿಂದ ಗೊತ್ತಾಗುತ್ತದೆ.

8. ನಾವು, ನಮ್ಮ ಗುರುಗಳು ಹೇಗೆ ನೆರವಾಗಬಹುದು?

ಕೆಲಸವಿಲ್ಲದ ಹುಡುಗರಿಗೆ "ಏನಾದ್ರೂ ಮಾಡಬಾರ್ದಾ?" ಎಂದು ಹೇಳುವವರು ಬಹಳ. ಅವರಿಗೆ ನಿಜವಾಗಿ ಬೇಕಾದದ್ದು ನಂಬಿ ಕೆಲಸ ಕೊಡುವ ಮೊದಲ ಎರಡು ಮನೆ. ನಮ್ಮ ಗಣಿತದ ಮೇಡಂ ತರಬೇತಿಗೆ ಹೋದಾಗ ತಮ್ಮ ನಾಯಿ, ಕೋಳಿಗಳನ್ನು ಅಣ್ಣನಿಗೆ ಒಪ್ಪಿಸಿ, ಕೂಲಿ ಕೊಟ್ಟು, ಪುಸ್ತಕದಲ್ಲಿ ಎರಡು ಸಾಲು ಬರೆದು ರುಜು ಹಾಕಿದರು. ಎರಡನೇ ಮನೆಯವರು ಆ ರುಜು ನೋಡಿಯೇ ಒಪ್ಪಿದ್ದು.

ವಿದ್ಯಾರ್ಥಿಗಳಾದ ನಾವು ದರಪಟ್ಟಿ ಬರೆದು ಡೈರಿ ಮುಂದೆ ಅಂಟಿಸಬಹುದು, ಪುಸ್ತಕಕ್ಕೆ ಗೆರೆ ಹಾಕಿಕೊಡಬಹುದು, ಲೆಕ್ಕ ತಾಳೆ ನೋಡಬಹುದು. ಗುರುಗಳು ಪಶು ವೈದ್ಯರನ್ನು ಒಂದು ದಿನ ಶಾಲೆಗೆ ಕರೆಸಿ ಪಾಠ ಹೇಳಿಸಬೇಕೆಂದು ನನ್ನ ವಿನಂತಿ.

ತರಬೇತಿಗೂ ದಾರಿ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. 18 ತುಂಬಿದವರಿಗೆ ಊಟ, ವಸತಿ ಸಹಿತ ಉಚಿತವಾಗಿ ಹೈನುಗಾರಿಕೆ ಮುಂತಾದವನ್ನು ಕಲಿಸುತ್ತಾರೆ. ಅಣ್ಣ ಅಲ್ಲಿಗೆ ಅರ್ಜಿ ಹಾಕಿದ್ದಾನೆ. ಉಳಿದ ಒಂದು ವಿಷಯಕ್ಕೂ ಪರೀಕ್ಷೆ ಕಟ್ಟಿದ್ದಾನೆ. ಯುಗಾದಿಗೆ ಇನ್ನೂ ಎರಡು ತಿಂಗಳಿದೆ. ಅಷ್ಟರಲ್ಲಿ ತಿಂಗಳಿಗೆ ಇನ್ನೂ 675 ರೂ. ಹೆಚ್ಚು ಉಳಿಯಬೇಕು. ನಿಮ್ಮ ಮನೆಯವರು ಮೂರು ದಿನಕ್ಕಿಂತ ಹೆಚ್ಚು ಊರಿಗೆ ಹೋಗುವುದಿದ್ದರೆ ದಯವಿಟ್ಟು ಒಂದು ವಾರ ಮೊದಲೇ ನನಗೆ ತಿಳಿಸಿ.

ಅಭ್ಯಾಸ ಪ್ರಶ್ನೆಗಳು

1) ನೂರಕ್ಕೆ 4ರ ಸೋಡಾ ದ್ರಾವಣ 10 ಲೀಟರು ಮಾಡಲು ಎಷ್ಟು ಸೋಡಾ ಬೇಕು?
2) ಒಂದು ಕರೆಯುವ ಹಸು, ಒಂದು ಬತ್ತಿದ ದನ, ಮೂರು ಮೇಕೆ. ಐದು ದಿನದ ಕೂಲಿ ಎಷ್ಟು?
3) 24 ಕೆ.ಜಿ. ತೂಕದ ಕರುವಿಗೆ ದಿನಕ್ಕೆ ಎಷ್ಟು ಗಿಣ್ಣು ಹಾಲು ಬೇಕು?
4) ನೋಡಿಕೊಳ್ಳಲು ಬಿಟ್ಟ ಕೋಳಿ ಮೊಟ್ಟೆ ಇಟ್ಟರೆ ಮೊಟ್ಟೆ ಯಾರದು? 163ನೇ ಕಲಂ ನೆನಪಿಟ್ಟುಕೊಂಡು ಉತ್ತರಿಸಿ.
5) ನಿಮ್ಮ ಮನೆಯ ಪ್ರಾಣಿಗಳ ಬಗ್ಗೆ ಮೇಲಿನ ಹತ್ತು ಅಂಶಗಳನ್ನು ಬರೆದು ತನ್ನಿ. ಎಷ್ಟಕ್ಕೆ ನಿಮಗೆ ಉತ್ತರ ಗೊತ್ತಿಲ್ಲ ಎಣಿಸಿ, ಮನೆಯಲ್ಲಿ ಕೇಳಿ ತುಂಬಿಸಿ.

ಉತ್ತರಗಳನ್ನು ಶನಿವಾರದೊಳಗೆ ಪತ್ರಿಕೆಯ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ